ಮೂತಿಯ ಭಾರ

ಚಕ್ರ ಜೋಡಿಸಿ ಜಗಲಿಯ ಮೇಲೆ ಇಳಿಸಿದ ಕೂಡಲೇ ವಿಮಾನ ಮೂತಿ ಮೇಲೆತ್ತಿ ಬಾಲದ ಮೇಲೆ ಕೂತುಬಿಟ್ಟಿತು. ಒಂದು ಮಳೆಗಾಲದ ರವಿವಾರಗಳನ್ನೆಲ್ಲ ಸುರಿದು ಕಟ್ಟಿದ ಜೆಟ್ಟು ಹೀಗೆ ಹಟ ಹಿಡಿದ ಕರುವಿನ ಹಾಗೆ ಕೂತದ್ದನ್ನು ಕಂಡು ಕಟ್ಟಿದವರೆಲ್ಲ ಕೈಚೆಲ್ಲಿ ನಿಂತರು. ಮೊದಲು ನಕ್ಕವಳು ಹೊನ್ನಮ್ಮ. ಅವಳ ನಗೆಯೆಂದರೆ ನಾಲ್ಕು ಮನೆಯಾಚೆ ಕೇಳುವ ನಗೆ. ಮಗ ಭರತ ಅವಳತ್ತ ಕಣ್ಣು ಕೆಕ್ಕರಿಸಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಬೇಲೆಕೇರಿಯ ಹತ್ತಿರದ ಕಾಲನಿಯ ಮನೆ ಅದು. ಅರ್ಗಾದಲ್ಲಿ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಎದ್ದುಬಂದವರಿಗೆ ಕೊಟ್ಟ ಸೈಟುಗಳಲ್ಲಿ ಎದ್ದ ಮನೆಗಳ ಸಾಲು. ಭರತ ಅಂಕೋಲೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಇನ್ನೂ ಮದುವೆಯಾಗದ ಹುಡುಗ, ಕೈಯಲ್ಲಿ ಉಳಿ ಹಿಡಿದರೆ ಊಟ ಮರೆಯುವಷ್ಟು ಮರಗೆಲಸದ ಹುಚ್ಚು. ಆ ಹುಚ್ಚೇ ಅವನನ್ನು ಯಜ್ಞೇಶ್ವರ ಭಟ್ಟರ ಬಳಗಕ್ಕೆ ತಂದು ಸೇರಿಸಿತ್ತು.

ಭಟ್ಟರು ಅಂಕೋಲೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಘಟ್ಟದ ಮೇಲಿನವರು, ಗಾಳಿಪಟದಿಂದ ಹಿಡಿದು ಹೆಲಿಕಾಪ್ಟರ್‌ವರೆಗೆ ಹಾರುವುದೆಲ್ಲದರ ಮೇಲೂ ಮೋಹ. ‘ಪುಷ್ಪಕ ಹವ್ಯಾಸಿ ಬಳಗ’ ಎಂದು ಹೆಸರಿಟ್ಟದ್ದು ಅವರೇ. ಶಿರವಾಡದ ಅಮಿತಾ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು, ಬಣ್ಣದ ಹೊಣೆ ಅವಳದು. ಕಾರವಾರದಲ್ಲಿ ಸೈಬರ್ ಕೆಫೆ ಇಟ್ಟುಕೊಂಡಿದ್ದ ಸಂಕೇತ ಇಂಟರ್ನೆಟ್ಟಿನಿಂದ ನಕ್ಷೆಗಳನ್ನು ಇಳಿಸಿ, ಹಾಳೆಗೆ ಹಾಳೆ ಅಂಟಿಸಿ ತರುತ್ತಿದ್ದ. ನೌಕಾಪಡೆಗೆ ಹೊಸ ಮಿಗ್ ವಿಮಾನಗಳು ಬರಲಿವೆ ಎಂದು ಆ ವರ್ಷ, ಅಂದರೆ ಎರಡು ಸಾವಿರದ ಎಂಟರಲ್ಲಿ, ಪೇಪರಿನಲ್ಲಿ ಬರುತ್ತಲೇ ಇತ್ತು. ದೇಶಕ್ಕೆ ಇನ್ನೂ ಬಾರದ ವಿಮಾನವನ್ನು ಮೊದಲು ಬೇಲೆಕೇರಿಯಲ್ಲಿ ಇಳಿಸಿಬಿಡುವ ಎಂಬುದು ಭಟ್ಟರ ಹುರುಪು. ಅಸಲಿನ ಹತ್ತನೇ ಒಂದು ಪಾಲು ಅಳತೆ, ಅಂದರೆ ಒಬ್ಬ ಆಳಿನಷ್ಟು ಉದ್ದ. ಭರತನ ಮನೆಯ ಜಗಲಿ ಅಗಲವಾಗಿದ್ದರಿಂದ ಕಾರ್ಖಾನೆ ಅಲ್ಲೇ ಆಯಿತು.

ಒಳಗಿನ ಚೌಕಟ್ಟು ಹಗುರವಾದ ಹಾಲೆ ಮರದ್ದು. ಮೇಲೆ ತೆಳು ಪ್ಲೈವುಡ್ಡು, ಅದರ ಮೇಲೆ ಅಂಟು ಹಚ್ಚಿದ ಕಾಗದ. ಹಿಂದಿನ ಎರಡು ಎಂಜಿನ್ ಬಾಯಿಗಳಿಗೆ ಹಾಲುಪುಡಿಯ ಡಬ್ಬಿ. ಪೈಲಟ್ ಕೂರುವ ಕಡೆಯ ಗಾಜಿಗೆ ತಂಪುಪಾನೀಯದ ಬಾಟಲಿಯನ್ನು ಬಿಸಿಮಾಡಿ ಬಗ್ಗಿಸಿದ್ದರು. ಸ್ಯಾಂಡ್ ಪೇಪರು ಮುಗಿದ ಒಂದು ದಿನ ಹೊನ್ನಮ್ಮ ಹಿತ್ತಲ ಬೇಲಿಯಿಂದ ಗರಗತ್ತಿ ಎಲೆ ಕಿತ್ತು ತಂದಳು. ನಾಲಿಗೆಯಿಟ್ಟರೆ ತರಚಿಹೋಗುವಂಥ ಒರಟು ಎಲೆ, ಹಿಂದಿನವರು ಒನಕೆಗೂ ತೊಟ್ಟಿಲಿಗೂ ನುಣುಪು ಕೊಡುತ್ತಿದ್ದದ್ದು ಅದರಿಂದಲೇ. ಅಂದಿನಿಂದ ಅವಳು ಕಾಲು ಚಾಚಿ ಕೂತು, ಎಲೆಯಡಿಕೆ ಜಗಿಯುತ್ತ, ರೆಕ್ಕೆಯನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುವುದೇ ರೂಢಿಯಾಯಿತು. ಬಂದರಿಗೆ ಹೋಗುವ ಅದಿರು ಲಾರಿಗಳ ಕೆಂಪು ಧೂಳು ಹಸಿ ಬಣ್ಣದ ಮೇಲೆ ಕೂತು ಅಮಿತಾಳನ್ನು ಅಳಿಸಿದಾಗ ತನ್ನ ಹಳೆಯ ಹಸಿರು ಸೀರೆಯನ್ನು ಹರಿದು ವಿಮಾನಕ್ಕೆ ಹೊದಿಸಿದವಳೂ ಅವಳೇ.

"ಹೊನ್ನಮ್ಮ ನಮ್ಮ ಬಳಗದ ಐದನೇ ಮೆಂಬರು," ಎಂದು ಭಟ್ಟರು ಎಲ್ಲರೆದುರು ಸಾರಿಬಿಟ್ಟರು. ಹೊನ್ನಮ್ಮ ಅದನ್ನು ತಮಾಷೆ ಅಂದುಕೊಳ್ಳಲಿಲ್ಲ.

ಬಾಲದ ಮೇಲೆ ಕೂತ ವಿಮಾನಕ್ಕೆ ಮದ್ದನ್ನೂ ಭಟ್ಟರೇ ಕಂಡುಹಿಡಿದರು. ಎರಡು ಎಂಜಿನ್ನೂ ಹಿಂದೆ ಇರುವಾಗ ಭಾರವೆಲ್ಲ ಹಿಂದಕ್ಕೇ ಬೀಳುತ್ತದೆ, ಆದ್ದರಿಂದ ಮೂತಿಯೊಳಗೆ ತೂಕ ಇಡಬೇಕು. ಮೀನು ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಒಂದು ಚೀಲದಲ್ಲಿ ತುಂಬಿ ಮೂತಿಯೊಳಗೆ ಇಟ್ಟದ್ದೇ ತಡ, ವಿಮಾನ ಸಾವಕಾಶ ಮುಂದಕ್ಕೆ ಬಾಗಿ ಮೂರೂ ಚಕ್ರಗಳ ಮೇಲೆ ನಿಂತಿತು. ತೂಕ ಹೆಚ್ಚುಕಡಿಮೆ ಮಾಡಲು ಬರಲೆಂದು ಮೂತಿಯನ್ನು ಎರಡೇ ಸ್ಕ್ರೂ ಹಾಕಿ ಕೂರಿಸಿದರು.

"ಆ ಭಾರ ಆಮೇಲೆ ತೆಗೀತ್ರಾ?" ಹೊನ್ನಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ತೆಗೆದರೆ ಮತ್ತೆ ಬಾಲದ ಮೇಲೆ ಕೂರ್ತದಲ್ಲ ಹೊನ್ನಮ್ಮ. ವಿಮಾನ ಇರೋವರೆಗೂ ಅದು ಅಲ್ಲೇ ಇರಬೇಕು."

"ಹಂಗಾ," ಎಂದಳು ಅವಳು, ಮೂತಿಯನ್ನೇ ನೋಡುತ್ತ.

ಈ ವಿಮಾನ ಕೊನೆಗೆ ಎಲ್ಲಿರಬೇಕು ಎಂಬುದು ಅಷ್ಟು ಹೊತ್ತಿಗೆ ನಿಶ್ಚಯವಾಗಿತ್ತು. ಅರ್ಗಾದ ನೌಕಾನೆಲೆಯೊಳಗೆ ಮಕ್ಕಳಿಗೆ ತೋರಿಸಲೆಂದು ಒಂದು ಪ್ರದರ್ಶನದ ಹಾಲ್ ಇತ್ತು. ಭಟ್ಟರು ಅಲ್ಲಿನ ಒಬ್ಬ ಅಧಿಕಾರಿಗೆ ಮಾದರಿಯ ವಿಷಯ ಹೇಳಿದ್ದರು. ಆತ ಒಂದು ರವಿವಾರ ತಾನಾಗಿಯೇ ನೋಡಲು ಬಂದ. ಉತ್ತರದ ಕಡೆಯವ, ಸಭ್ಯ, ಚಪ್ಪಲಿ ಕಳಚಿಟ್ಟು ಜಗಲಿ ಹತ್ತಿದ. ಸಂಕೇತ ಅಂದು ಬಂದಿರಲಿಲ್ಲ. ಭಟ್ಟರೂ ಅಮಿತಾಳೂ ಬಾಲದ ರೆಕ್ಕೆಗಳನ್ನು ತರಲು ಹಿಂದಿನ ಕೋಣೆಗೆ ಹೋದ ಹೊತ್ತಿನಲ್ಲೇ ಹೊನ್ನಮ್ಮ ಹೊರಗೆ ಬಂದು ಅಧಿಕಾರಿಯ ಮುಂಗೈ ಹಿಡಿದುಕೊಂಡಳು. ಅವಳ ಕೈಯಲ್ಲಿ ಗರಗತ್ತಿ ಎಲೆಯ ಪುಡಿ, ಬಾಯಲ್ಲಿ ಎಲೆಯಡಿಕೆ.

"ನೀವು ಈಗ ಅರ್ಗಾದಲ್ಲಿ ಇರೂರಲ್ವಾ? ಅಲ್ಲಿ ಗುಡ್ಡೆ ಬುಡಕ್ಕೆ, ನಮ್ಮ ಬಾವಿ ಪಕ್ಕ, ಒಂದು ಸುರಹೊನ್ನೆ ಮರ ಇತ್ತು. ಈಗೂ ಅದ್ಯಾ ಅದು? ಅದ್ರ ಬುಡಕ್ಕೆ ನಮ್ಮ ಜಟಗ ಇದ್ದ. ಬರೂವಾಗ ಅವನ್ನ ಒಬ್ನೇ ಬಿಟ್ಟು ಬರೂಕೆ ಮನಸಾಗ್ದೆ ಎತ್ಕಂಡು ಬಂದ್ಬಿಟ್ಟೆ ನಾನು. ಕೇಳ್ದೆ ತಂದದ್ದು, ತಪ್ಪಾಯ್ತು. ಮರುವರ್ಷವೇ ಇವ್ನ ಅಪ್ಪ ಹೋದ. ಒಂದ್ಸಲ ಒಳ್ಗೆ ಬಿಟ್ರೆ ಅವ್ನ ಜಾಗ್ದಲ್ಲಿ ಅವನ್ನ ಇಟ್ಟು ಕೈ ಮುಗ್ದು ಬತ್ತೆ. ಬಿಡ್ತ್ರಾ?"

ಜಟಗನೆಂದರೆ ಜಾಗ ಕಾಯುವ ದೇವರು, ಮರದ ಬುಡದಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ಇರುವವನು. ಹೊನ್ನಮ್ಮ ತಂದ ಕಲ್ಲು ಮುಷ್ಟಿಗಿಂತ ತುಸು ದೊಡ್ಡದು. ಅದನ್ನು ಮನೆಯೊಳಗೆ ಇಡುವಂತಿಲ್ಲ, ಈ ಹೊಸ ಮಣ್ಣಿನಲ್ಲಿ ಪ್ರತಿಷ್ಠೆ ಮಾಡಲು ಅವಳಿಗೆ ಧೈರ್ಯವಿಲ್ಲ. ಹಿತ್ತಲ ಬಾಳೆಯ ಬುಡದಲ್ಲಿ ಒಂದು ಮಡಕೆ ಮುಚ್ಚಿ ಇಟ್ಟಿದ್ದಳು. ಜಾಗವಿಲ್ಲದ ಜಾಗದ ದೇವರ ಪಾಡು ಏನೆಂದು ಅವಳು ಎಷ್ಟೋ ಸಲ ಕಣ್ಣೀರು ಹಾಕಿದ್ದು ಭರತನಿಗೆ ಗೊತ್ತಿತ್ತು.

"ಮಾತಾಜಿ ಏನು ಕೇಳುತ್ತಿದ್ದಾರೆ?" ಅಧಿಕಾರಿ ಭರತನನ್ನು ಹಿಂದಿಯಲ್ಲಿ ಕೇಳಿದ.

ಅಧಿಕಾರಿಯ ಬಿಳಿ ಅಂಗಿಯ ತೋಳಿನ ಮೇಲೆ ತಾಯಿಯ ಬೆರಳುಗಳ ಕೊಳೆ ಮೂಡಿದ್ದನ್ನು ಭರತ ನೋಡಿದ. ಅವಳ ತುಟಿಯ ಕೆಂಪು, ಬೀದಿಗೆಲ್ಲ ಕೇಳುವ ಗಂಟಲು, ಈ ಕಲ್ಲಿನ ಕಥೆ, ಎಲ್ಲ ಸೇರಿ ಅವನ ಕಿವಿ ಬಿಸಿಯಾಯಿತು. ಜೆಟ್ ವಿಮಾನ ಕಟ್ಟುವವನ ಮನೆಯಲ್ಲಿ ಇದೇನು ಎಂದು ಈತ ಅಂದುಕೊಂಡರೆ?

"ಚಾಯ್ ಕುಡಿಯುತ್ತೀರಾ ಅಂತ ಕೇಳುತ್ತಿದ್ದಾಳೆ ಸರ್," ಎಂದ ಹಿಂದಿಯಲ್ಲಿ.

"ಹಾಂ ಹಾಂ, ಜರೂರ್!" ಎಂದು ಅಧಿಕಾರಿ ಹೊನ್ನಮ್ಮನತ್ತ ತಲೆದೂಗಿ ನಕ್ಕ.

ಹೊನ್ನಮ್ಮ ಒಂದು ಗಳಿಗೆ ಮಗನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಚಹಾ ಮಾಡಿ ತಂದಳು.

ಭರತ ಕೆಟ್ಟ ಹುಡುಗನೇನಲ್ಲ. ತಾಯಿಗೆ ಜ್ವರ ಬಂದರೆ ಗಂಜಿ ಬೇಯಿಸುವವನು, ಬಾಯಿ ತಪ್ಪಿಯೂ ಬೈಯದವನು. ಕೆಟ್ಟವನಾಗಿದ್ದರೆ ಹೇಳುವುದು ಸುಲಭವಿತ್ತು, ನಾಲ್ಕು ಮಾತಲ್ಲಿ ಬೈದು ಮುಗಿಸಬಹುದಿತ್ತು. ಅವನ ತೊಂದರೆ ಏನೆಂದರೆ, ತಾಯಿ ಮನೆಯೊಳಗೆ ಇರುವಷ್ಟು ಹೊತ್ತು ಅವಳ ಮೇಲೆ ಪ್ರೀತಿ. ಹೊರಗಿನವರೆದುರು ಬಂದು ನಿಂತಳೋ, ಅವಳನ್ನು ಆ ಹೊರಗಿನವರ ಕಣ್ಣಿನಿಂದಲೇ ನೋಡುತ್ತಿದ್ದ. ಅಂದು ಸಂಜೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅವಳು ಅಧಿಕಾರಿಯ ನಗುವನ್ನು ಒಪ್ಪಿಗೆಯೆಂದೇ ತಿಳಿದಿರಬೇಕು ಎನಿಸಿ ಇನ್ನಷ್ಟು ಹಿಂಸೆಯಾಯಿತು. ಹೇಳಿಬಿಡಬೇಕು ಅಂದುಕೊಂಡ. ಹೇಳಲಿಲ್ಲ.

ನವೆಂಬರ್ ಮೊದಲಿಗೆ ವಿಮಾನ ಒಪ್ಪಿಸುವ ದಿನ ಗೊತ್ತಾಯಿತು. ಒಳಗೆ ಹೋಗುವವರೆಲ್ಲ ಮತದಾರರ ಗುರುತಿನ ಚೀಟಿಯ ಜೆರಾಕ್ಸ್ ಕೊಡಬೇಕು. ಭಟ್ಟರು ಎಲ್ಲರದನ್ನೂ ಕೂಡಿಸುವ ಕೆಲಸವನ್ನು ಭರತನಿಗೇ ಒಪ್ಪಿಸಿದರು, "ಐದೂ ಜನರದ್ದು ಮಾರಾಯಾ, ಹೊನ್ನಮ್ಮಂದು ಮರೀಬೇಡ" ಎಂದು ಒತ್ತಿ ಹೇಳಿದರು.

ಅವನು ಮರೆಯಲಿಲ್ಲ. ಅದರ ಬಗ್ಗೆ ನಿದ್ದೆಗೆಟ್ಟು ಯೋಚಿಸಿದ. ಅವಳು ಬಂದರೆ ಅದೇ ಅಧಿಕಾರಿಯನ್ನು ಮತ್ತೆ ಹಿಡಿದು ಕೇಳುವವಳೇ. ಈ ಸಲ ಪಕ್ಕದಲ್ಲಿ ಭಟ್ಟರಿರುತ್ತಾರೆ, ಅಮಿತಾ ಇರುತ್ತಾಳೆ. ಚಹಾದ ಸುಳ್ಳು ಎಲ್ಲರೆದುರು ಬಯಲಾಗುತ್ತದೆ. ನಾಲ್ಕೇ ಜೆರಾಕ್ಸ್ ಕೊಟ್ಟು, ತಾಯಿಗೆ ಮಂಡಿನೋವೆಂದು ಭಟ್ಟರಿಗೆ ಹೇಳಿದ. ಮನೆಯಲ್ಲಿ ಅದರ ಸೊಲ್ಲೇ ಎತ್ತಲಿಲ್ಲ. ಹೊನ್ನಮ್ಮನ ಗುರುತಿನ ಚೀಟಿ ಮಾತ್ರ ಆ ವಾರವೆಲ್ಲ ಟಿವಿಯ ಮೇಲೆ, ಕಣ್ಣಿಗೆ ಬೀಳುವ ಹಾಗೆ ಇತ್ತು. ಭರತ ಅದನ್ನು ಕಂಡೂ ಕಾಣದವನ ಹಾಗೆ ಓಡಾಡಿದ.

ಒಪ್ಪಿಸುವುದಕ್ಕೆ ಮುಂಚಿನ ದಿನ ಅಮಿತಾ ರೆಕ್ಕೆಯ ಮೇಲೆ ಕೊನೆಯ ಅಂಕಿಗಳನ್ನು ಬರೆಯಲು ಬಂದಳು. ಭರತ ಭಟ್ಟರಿಗೆ ಹೇಳಿದ ಮಾತು ಅವಳಿಗೆ ತಲುಪಿರಲಿಲ್ಲ.

"ಮಾವಶಿ, ನಾಳೆ ಯಾವ ಸೀರೆ ಉಡ್ತೀರಿ? ಫೋಟೋ ತೆಗೀತಾರೆ, ನೆನಪಿರ್ಲಿ!"

ಭರತ ಒಳಗೆ ಉಳಿಗಳನ್ನು ಜೋಡಿಸುತ್ತಿದ್ದ. ಕೈ ಅಲ್ಲೇ ನಿಂತಿತು.

ಹೊನ್ನಮ್ಮನ ಮಾತು ಕೇಳಿತು, ಎಂದಿಲ್ಲದಷ್ಟು ಸಣ್ಣ ದನಿಯಲ್ಲಿ. "ನಾ ಬರೂದಿಲ್ಲ ತಂಗೀ. ಮಂಡಿ ನೋವು. ಆ ಟೆಂಪೋ ಹತ್ತಿ ಇಳೂಕೆ ಆಗೂದಿಲ್ಲ ನಂಗೆ."

ಮಂಡಿನೋವಿನ ಸುಳ್ಳನ್ನು ಅವನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅವಳೇ ಹುಡುಕಿಕೊಂಡಿದ್ದಳು. ಮಗನ ಮರ್ಯಾದೆ ಉಳಿಸಲು ತಾಯಿಯೂ ಅದೇ ಸುಳ್ಳಿಗೆ ಬಂದು ನಿಂತದ್ದನ್ನು ಕೇಳಿ ಭರತನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆದರೂ ಅವನು ಹೊರಗೆ ಬರಲಿಲ್ಲ. ಅಮಿತಾ ಹೊರಟುಹೋಗುವವರೆಗೂ ಉಳಿಗಳನ್ನೇ ಜೋಡಿಸಿದ, ಜೋಡಿಸಿದ್ದನ್ನು ಕೆಡವಿ ಮತ್ತೆ ಜೋಡಿಸಿದ.

ಮರುದಿನ ಬೆಳಿಗ್ಗೆ ಟೆಂಪೋದಲ್ಲಿ ಹುಲ್ಲು ಹಾಸಿ ವಿಮಾನವನ್ನು ಏರಿಸಿದರು. ಹೊನ್ನಮ್ಮ ತಲೆಗೆ ಮಿಂದು, ಮುಡಿಗೆ ಅಬ್ಬಲಿಗೆ ಇಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಳು. ಟೆಂಪೋ ಹೊರಡುವಾಗ ವಿಮಾನದ ಮೂತಿಯನ್ನು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. "ವಿಮಾನಕ್ಕೂ ನಮಸ್ಕಾರ!" ಎಂದು ಸಂಕೇತ ನಕ್ಕ. ಭರತ ರಸ್ತೆಯ ಕಡೆ ನೋಡಿದ.

ಅವರ್ಸಾ, ಅಮದಳ್ಳಿ ದಾಟಿ ನೆಲೆಯ ಗೇಟು ಮುಟ್ಟುವವರೆಗೂ ಭಟ್ಟರದು ಒಂದೇ ಸಮನೆ ಮಾತು. ಗೇಟಿನಲ್ಲಿ ತಪಾಸಣೆ. ಬರಮಾಡಿಕೊಳ್ಳಲು ಆ ಅಧಿಕಾರಿಯೇ ಬಂದು ನಿಂತಿದ್ದ. ಕಾವಲಿನವನೊಬ್ಬ ವಿಮಾನದ ಮೈಯನ್ನು ತಟ್ಟುತ್ತ ಬಂದು ಮೂತಿಯ ಹತ್ತಿರ ನಿಂತ.

"ಇದರೊಳಗೆ ಏನಿದೆ?"

"ಸೀಸದ ಗುಂಡು, ತೂಕಕ್ಕೆ," ಎಂದರು ಭಟ್ಟರು, ಪಾಠ ಮಾಡುವ ಉತ್ಸಾಹದಲ್ಲಿ. "ಬೇಕಾದರೆ ತೆಗೆದೇ ತೋರಿಸುವ." ಎರಡು ಸ್ಕ್ರೂ ಬಿಚ್ಚಿ ಮೂತಿಯನ್ನು ಕಳಚಿದರು.

ಒಳಗೆ ಸೀಸವಿರಲಿಲ್ಲ. ಹಸಿರು ಬಟ್ಟೆಯ ಒಂದು ಗಂಟು ಇತ್ತು. ಬಿಚ್ಚಿದರೆ ಎಣ್ಣೆ ಹಚ್ಚಿ ಕುಂಕುಮ ಇಟ್ಟ ಕರಿ ಕಲ್ಲು. ಅದರ ಪಕ್ಕ ನಾಲ್ಕು ಕಾಳು ಅಕ್ಕಿ, ಒಂದು ಅಬ್ಬಲಿಗೆ ಹೂವು.

"ಅರೇ, ಇದೆಂತದು? ನಾನು ಸೀಸವೇ ಹಾಕಿದ್ದೆನಲ್ಲ!" ಭಟ್ಟರು ತಬ್ಬಿಬ್ಬಾದರು. ಸಂಕೇತ ತುಟಿ ಕಚ್ಚಿ ನಗು ತಡೆದ. ಅಮಿತಾ ಆ ಬಟ್ಟೆಯನ್ನೇ ನೋಡುತ್ತಿದ್ದಳು. ಮಳೆಗಾಲವೆಲ್ಲ ವಿಮಾನದ ಮೈಮೇಲಿಂದ ಅವಳು ಪ್ರತಿ ರವಿವಾರ ತೆಗೆದು ಮಡಿಸಿಟ್ಟ ಸೀರೆಯ ತುಂಡು ಅದು.

ಅಧಿಕಾರಿ ಕಲ್ಲನ್ನು ಮುಟ್ಟಲಿಲ್ಲ. "ಪೂಜೆಯ ಕಲ್ಲಿನ ಹಾಗೆ ಕಾಣುತ್ತದೆ," ಎಂದ ಮೆಲ್ಲಗೆ. "ನಿಮ್ಮಲ್ಲಿ ಯಾರದಾದರೂ ಮನೆಯ ದೇವರಾದರೆ ಹೇಳಿ. ಸಂಕೋಚ ಬೇಡ. ಮರ್ಯಾದೆಯಿಂದ ಒಳಗೆ ಇಡಿಸೋಣ."

ಇದಕ್ಕಿಂತ ಹೆಚ್ಚಿಗೆ ಒಬ್ಬ ಮನುಷ್ಯ ಏನು ಮಾಡಬೇಕು? ಬಾಗಿಲು ತೆರೆದು, ಬಾ ಎಂದು ಕರೆದ ಹಾಗಿತ್ತು ಆ ಮಾತು. ‘ನಮ್ಮದು ಸರ್’ ಎಂದರೆ ಮುಗಿಯುತ್ತಿತ್ತು. ಎಲ್ಲರ ಕಣ್ಣೂ ಒಬ್ಬರಿಂದ ಒಬ್ಬರಿಗೆ ಹರಿದು ಕೊನೆಗೆ ಭರತನ ಮೇಲೆ ಬಂದು ನಿಂತವು, ಏಕೆಂದರೆ ವಿಮಾನ ಇದ್ದದ್ದು ಅವನ ಮನೆಯಲ್ಲಿ. ಅವನ ಕಿವಿ ಮತ್ತೆ ಬಿಸಿಯಾಯಿತು.

"ದೇವರಲ್ಲ ಸರ್," ಎಂದ. "ಭಾರಕ್ಕೆ ಯಾರೋ ಹಾಕಿದ ಕಲ್ಲು."

ಕಾವಲಿನವನು ಗಂಟನ್ನು ಎತ್ತಿ ಗೇಟಿನ ಹೊರಗೆ, ಗೋಡೆಯ ಬುಡದ ಹೂಕುಂಡದ ಪಕ್ಕ ಇಟ್ಟ. ಭಟ್ಟರು ಅಲ್ಲೇ ಬಿದ್ದಿದ್ದ ಮರಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೂತಿಯೊಳಗೆ ಇಟ್ಟು ಸ್ಕ್ರೂ ತಿರುಗಿಸಿದರು. ವಿಮಾನ ಒಳಗೆ ಹೋಯಿತು.

ಒಳಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮಕ್ಕಳು ಮುತ್ತಿಕೊಂಡರು, ಚಪ್ಪಾಳೆ ಬಿತ್ತು, ಬಳಗಕ್ಕೆ ಒಂದು ಫಲಕ ಕೊಟ್ಟರು. ಫೋಟೋಕ್ಕೆ ನಿಂತಾಗ ಅಧಿಕಾರಿ ಭರತನತ್ತ ಬಾಗಿ, "ನಿಮ್ಮ ತಾಯಿ ಬರಲಿಲ್ಲವೇ? ಆ ದಿನ ಒಳ್ಳೆಯ ಚಹಾ ಕೊಟ್ಟಿದ್ದರು," ಎಂದ. ಮಂಡಿನೋವು ಎಂದ ಭರತ. ಆ ಸುಳ್ಳು ಈಗ ಮೂರನೇ ಸಲ ಬಾಯಿಂದ ಬಂದು ನಿಜದಷ್ಟೇ ಗಟ್ಟಿಯಾಗಿತ್ತು.

ಹಾಲ್‌ನ ಮೆಟ್ಟಿಲಿಳಿಯುವಾಗ ಅವನಿಗೆ ಪರಿಚಯದ ಪರಿಮಳ ಬಂತು. ಡಾಂಬರು ರಸ್ತೆಯ ಮೇಲೆ ಬಿಳಿ ಹೂವು ಉದುರಿತ್ತು. ತಲೆಯೆತ್ತಿ ನೋಡಿದ. ಬಾವಿ ಇದ್ದಲ್ಲಿ ಹುಲ್ಲುಹಾಸು. ಮನೆ ಇದ್ದಲ್ಲಿ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ. ಆದರೆ ಗುಡ್ಡ ಅದೇ, ಗುಡ್ಡದ ಬುಡದಲ್ಲಿ ಇಲ್ಲದ ಬಾವಿಯ ಕಡೆಗೆ ಇನ್ನೂ ವಾಲಿಕೊಂಡೇ ಇದ್ದ ಸುರಹೊನ್ನೆಯೂ ಅದೇ. ಅದರ ಸುತ್ತ ಯಾರೋ ಕಟ್ಟೆ ಕಟ್ಟಿ ಸುಣ್ಣ ಬಳಿದಿದ್ದರು. ಕಟ್ಟೆಯ ಮೇಲೆ ಒಂದು ಕಲ್ಲಿಡುವಷ್ಟು ಜಾಗ ಧಾರಾಳವಾಗಿತ್ತು.

ಆಗಲೂ ಹೊತ್ತು ಮೀರಿರಲಿಲ್ಲ. ಅಧಿಕಾರಿ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ. ಆದರೆ ಈಗ ಬಾಯಿ ತೆರೆದರೆ ಗೇಟಿನಲ್ಲಿ ಆಡಿದ್ದು ಸುಳ್ಳು ಎನ್ನಬೇಕು, ಅದಕ್ಕೂ ಹಿಂದೆ ಜಗಲಿಯಲ್ಲಿ ಆಡಿದ್ದೂ ಸುಳ್ಳು ಎನ್ನಬೇಕು. ಭರತ ಮರದ ಕೆಳಗೆ ಹಾದು ಬಂದ. ಹೂವು ತುಳಿಯದ ಹಾಗೆ ನೋಡಿಕೊಂಡು ಬಂದ, ಅಷ್ಟೇ ಅವನಿಂದಾದದ್ದು.

ಗೇಟಿನ ಹೊರಗೆ, ಉಳಿದವರು ಟೆಂಪೋ ಹತ್ತುವಾಗ ಅವನು ಚಪ್ಪಲಿಯ ನೆಪದಲ್ಲಿ ಹಿಂದುಳಿದು ಹೂಕುಂಡದ ಪಕ್ಕದ ಗಂಟನ್ನು ಎತ್ತಿಕೊಂಡ. ಬೇಗ ಬೇಗ ಅಂಗಿಯೊಳಗೆ ಸೇರಿಸುವಾಗ ಅಮಿತಾಳ ಕಣ್ಣು ತನ್ನ ಮೇಲಿದ್ದದ್ದು ಕಂಡಿತು. ಅವಳು ಮುಖ ಆ ಕಡೆ ತಿರುಗಿಸಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ದಾರಿಯುದ್ದಕ್ಕೂ ಕಲ್ಲು ಅವನ ಹೊಟ್ಟೆಗೆ ತಣ್ಣಗೆ ಒತ್ತುತ್ತಿತ್ತು.

ಮನೆ ಮುಟ್ಟಿದಾಗ ಏಲಕ್ಕಿಯ ಪರಿಮಳ ಬಾಗಿಲವರೆಗೆ ಬಂದ ಹಾಗಿತ್ತು. ಹೊನ್ನಮ್ಮ ಬೆಳಗಿನ ಸೀರೆಯಲ್ಲೇ ಜಗಲಿಯ ತುದಿಯಲ್ಲಿ ಕೂತಿದ್ದಳು. ವಿಮಾನವಿಲ್ಲದ ಜಗಲಿ ಬೋಳು ಬೋಳಾಗಿತ್ತು. ಮೂಲೆಯಲ್ಲಿ ಸೀಸದ ಗುಂಡಿನ ಚೀಲ ಇತ್ತು.

"ಒಳ್ಗೆ ಹೋಯ್ತಾ?" ಅವಳು ಎದ್ದು ನಿಂತಳು.

"ಹೋಯ್ತು."

"ಮರ ಅದ್ಯಾ ತಮಾ?"

"ಅದೆ ಆಯಿ. ಕಟ್ಟೆ ಕಟ್ಟಿದಾರೆ."

ಅವಳ ಕಣ್ಣು ತುಂಬಿಬಂತು. ಎರಡೂ ಕೈ ಜೋಡಿಸಿ, ಅರ್ಗಾದ ದಿಕ್ಕಿಗೆ ತಿರುಗಿ ಮುಗಿದಳು. "ಹಂಗಾರೆ ಸಾಕು. ಮರದ ಬುಡಕ್ಕೆ ಆಗ್ದಿದ್ರೂ ಆ ಮಣ್ಣಿಗೆ ಹೋಗಿ ಸೇರ್ದ ಅವ. ಸಾಕು ನಂಗೆ."

ಹಾಗೆಯೇ ಬಿಟ್ಟುಬಿಡಬಹುದಿತ್ತು. ಕಲ್ಲನ್ನು ಸಮುದ್ರಕ್ಕೆ ಹಾಕಿ ಬಂದಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ, ಸಮಾಧಾನದಿಂದ ಇರುತ್ತಿದ್ದಳು. ದಾರಿಯಲ್ಲಿ ಅವನಿಗೆ ಆ ಯೋಚನೆ ಬಾರದೆಯೂ ಇರಲಿಲ್ಲ. ಆದರೆ ಮುಗಿದ ಆ ಕೈಗಳನ್ನು ನೋಡುತ್ತ ನಿಲ್ಲುವುದು ಅವನಿಂದಾಗಲಿಲ್ಲ. ಅಂಗಿಯೊಳಗಿನಿಂದ ಗಂಟನ್ನು ತೆಗೆದು ಅವಳ ಮುಂದೆ ಹಿಡಿದ.

"ಗೇಟಲ್ಲಿ ಮೂತಿ ಬಿಚ್ಚಿ ನೋಡಿದ್ರು. ಯಾರ ದೇವ್ರು ಅಂತ ಕೇಳಿದ್ರು. ಹೇಳಿದ್ರೆ ಒಳಗೇ ಇಡಿಸ್ತೆ ಅಂದ್ರು." ಗಂಟನ್ನು ಅವಳ ಕಡೆಗೆ ಇನ್ನಷ್ಟು ಚಾಚಿದ. "ನಾ ನಮ್ಮದಲ್ಲ ಅಂದೆ. ಆ ದಿನ ನೀ ಕೇಳಿದ್ದನ್ನೂ ನಾ ಅವರಿಗೆ ಹೇಳೇ ಇರ್ಲಿಲ್ಲ ಆಯಿ. ಚಾ ಬೇಕಾ ಅಂತ ಕೇಳ್ತಾಳೆ ಅಂದಿದ್ದೆ."

"ಚಾಯ್ ಅನ್ನೂದು ನಂಗೂ ತಿಳೀತದೆ," ಎಂದಳು ಹೊನ್ನಮ್ಮ. "ತಿಳ್ದೇ ಚಾ ಮಾಡಿ ತಂದೆ."

ಅವಳು ಗಂಟನ್ನು ತೆಗೆದುಕೊಂಡು ಬಿಚ್ಚಿ ನೋಡಿದಳು. ಹೂವು ಬಾಡಿತ್ತು. ಕಲ್ಲಿನ ಮೇಲಿನ ಮರಳನ್ನು ಸೆರಗಿನಿಂದ ಒರೆಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಎಂದಿನ ಗಟ್ಟಿತನವೂ ಇರಲಿಲ್ಲ.

"ನಾನಂದ್ರೆ ನಿಂಗೆ ನಾಚ್ಕೆ ಅಂತ ಗೊತ್ತಿತ್ತು ತಮಾ. ಅದ್ಕೇ ನಾ ಬರೂದು ಬಿಟ್ಟು ಅವನ್ನ ಕಳ್ಸಿದೆ. ಅವ್ನಂದ್ರೂ ನಿಂಗೆ ನಾಚ್ಕೆ ಅಂತ ಗೊತ್ತಿರ್ಲಿಲ್ಲ."

ಕಲ್ಲನ್ನು ಎದೆಗೆ ಹಿಡಿದುಕೊಂಡು ಹಿತ್ತಲಿಗೆ ಹೋದಳು. ಬಾಳೆಯ ಬುಡದಲ್ಲಿ ಮಡಕೆ ಕವುಚಿ ಹಾಕಿದ ಸದ್ದು ಕೇಳಿತು. ಆಮೇಲೆ ಅಲ್ಲಿಂದಲೇ ಅವಳು ಕೂಗಿದಳು.

"ಕೈಕಾಲು ತೊಳ್ಕಂಡು ಬಾ. ಅವಂಗೇಂತ ಮಾಡಿದ ಪಾಯಸ ಅದೆ, ತಣ್ದೋಗ್ತದೆ."